ಫೋನ್ ಕದ್ದವನಿಗೆ ಎಷ್ಟು, ನಂಬರ್ ಮಾರಿದವನಿಗೆ ಎಷ್ಟು?

ಜಮಖಂಡಿಯ ಸಂತೆಯಲ್ಲಿ ಒಬ್ಬರ ಮೊಬೈಲ್ ಕಳುವಾಯಿತು ಅಂದುಕೊಳ್ಳಿ. ಹಳೆಯ ಸೆಟ್, ಬೆಲೆ ಹೆಚ್ಚೆಂದರೆ ನಾಲ್ಕು ಸಾವಿರ. ಅದೇ ವಾರ ಇಳಕಲ್ಲಿನ ಒಂದು ಸೀರೆ ಅಂಗಡಿಯ ಕಂಪ್ಯೂಟರಿನಿಂದ ಕೆಲಸದವನೊಬ್ಬ ಗಿರಾಕಿಗಳ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮಾರಿದ ಅಂದುಕೊಳ್ಳಿ. ಸಾವಿರಾರು ಜನರ ಹೆಸರು, ಮೊಬೈಲ್ ನಂಬರ್, ವಿಳಾಸ, ಯಾರು ಯಾವ ದಿನ ಎಷ್ಟು ರೂಪಾಯಿಯ ಸೀರೆ ತಗೊಂಡರು ಅನ್ನುವ ಲೆಕ್ಕ, ಎಲ್ಲ ಅದರಲ್ಲಿದೆ. ಎರಡೂ ನಾನು ಕಲ್ಪಿಸಿದ ಪ್ರಕರಣಗಳು. ಆದರೆ ಇಂಥವು ನಮ್ಮ ಸುತ್ತ ನಡೆಯುವುದಿಲ್ಲ ಅಂತ ಯಾರೂ ಹೇಳಲಾರರು.

ಈಗ ಕೇಳಿಕೊಳ್ಳಬೇಕಾದ್ದು ಇಷ್ಟು. ಯಾರಿಗೆ ಎಷ್ಟು ಶಿಕ್ಷೆ? ಆ ಅಳತೆಯನ್ನು ಯಾರು, ಯಾವುದರಿಂದ ಮಾಡುತ್ತಾರೆ? ಕಳೆದುಕೊಂಡವರ ಕೈಗೆ ಕೊನೆಗೆ ಏನು ಬರುತ್ತದೆ?

2023ರಿಂದ ಈಚೆಗೆ ಈ ಮೂರು ಪ್ರಶ್ನೆಗಳ ಉತ್ತರವೂ ಬದಲಾಗಿದೆ. ಒಂದು ಕಡೆ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಇನ್ನೊಂದು ಕಡೆ ನಮ್ಮ ವೈಯಕ್ತಿಕ ಮಾಹಿತಿಯನ್ನು ಕಾಯಲು ಅಂತಲೇ ಒಂದು ಕಾಯ್ದೆ ಬಂತು. ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆಯಾಗಿ ಚರ್ಚಿಸುತ್ತಾರೆ. ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬಡ ಕಳ್ಳನ ಶಿಕ್ಷೆಯ ವಿಷಯದಲ್ಲಿ ಕಾನೂನು ಸ್ವಲ್ಪ ಮೃದುವಾಗಿದೆ, ಅದು ಸರಿ. ಮಾಹಿತಿ ಸೋರಲು ಬಿಟ್ಟ ಕಂಪನಿಯ ವಿಷಯದಲ್ಲಿ ದೊಡ್ಡ ದೊಡ್ಡ ದಂಡದ ಮೊತ್ತ ಬರೆದಿದೆ, ಅದೂ ಸರಿ. ಆದರೆ ಆ ದಂಡದಲ್ಲಿ ನಷ್ಟಪಟ್ಟ ಗಿರಾಕಿಗೆ ಒಂದು ರೂಪಾಯಿಯ ಪಾಲನ್ನೂ ಇಟ್ಟಿಲ್ಲ. ಇದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸಂತೆಯ ಕಳ್ಳತನ

1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಂಗಳು 358ಕ್ಕೆ ಇಳಿದವು. ಬಹಳಷ್ಟು ಹಳೆಯದೇ, ನಂಬರ್ ಮಾತ್ರ ಬೇರೆ. ಚೀಟಿಂಗ್ ಅಂದರೆ 420 ಅಂತ ಬಾಯಿಪಾಠ ಆಗಿತ್ತಲ್ಲ, ಅದು ಈಗ 318(4). ಆದರೆ ಶಿಕ್ಷೆಗಳ ಪಟ್ಟಿಯಲ್ಲಿ ಒಂದು ಹೊಸ ಸೇರ್ಪಡೆ ಇದೆ. ಮರಣದಂಡನೆ, ಜೀವಾವಧಿ, ಜೈಲು, ಆಸ್ತಿ ಮುಟ್ಟುಗೋಲು, ದಂಡ, ಇವುಗಳ ಜೊತೆಗೆ ಆರನೆಯದಾಗಿ ಸಮುದಾಯ ಸೇವೆ.

ಸಮುದಾಯ ಸೇವೆ ಅಂದರೆ ಅಪರಾಧಿಯಿಂದ ಊರಿಗೆ ಉಪಯೋಗವಾಗುವ ಕೆಲಸವನ್ನು ಕೋರ್ಟ್ ಮಾಡಿಸುವುದು. ಅದಕ್ಕೆ ಕೂಲಿ ಇಲ್ಲ. ಕೆಲವೇ ಅಪರಾಧಗಳಿಗೆ ಇದು ಅನ್ವಯ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡುವುದು, ಮಾನಹಾನಿ, ಸರ್ಕಾರಿ ನೌಕರ ಕಾನೂನು ಮೀರಿ ವ್ಯಾಪಾರ ಮಾಡುವುದು, ಇಂಥವು. ನಮ್ಮ ಸಂತೆಯ ಕಳ್ಳನೂ ಇಲ್ಲೇ ಬರುತ್ತಾನೆ. ಕದ್ದ ಮಾಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇರಬೇಕು. ಅವನಿಗೆ ಇದು ಮೊದಲ ಶಿಕ್ಷೆ ಆಗಿರಬೇಕು. ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟಿರಬೇಕು. ಮೂರೂ ಕೂಡಿದರೆ 303(2)ನೇ ಕಲಂ ಪ್ರಕಾರ ಜೈಲು ಇಲ್ಲ, ಸಮುದಾಯ ಸೇವೆ. ಇಲ್ಲದಿದ್ದರೆ ಮಾಮೂಲು ಶಿಕ್ಷೆ: ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಎರಡನೇ ಸಲವೂ ಅಪರಾಧ ಸಾಬೀತಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸೆರೆ.

ಇದು ಒಳ್ಳೆಯ ಬದಲಾವಣೆ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗ ಒಂದು ಹಳೆಯ ಫೋನಿಗಾಗಿ ಜೈಲಿಗೆ ಹೋದರೆ ಏನಾಗುತ್ತದೆ ಅಂತ ಊರವರಿಗೆ ಗೊತ್ತು. ಒಳಗೆ ದೊಡ್ಡವರ ಸಹವಾಸ, ಹೊರಗೆ ಬಂದ ಮೇಲೆ ಕೆಲಸ ಇಲ್ಲ. ಫೋನ್ ಕಳೆದುಕೊಂಡವರಿಗೂ ಅದರಿಂದ ಲಾಭವಿಲ್ಲ. ಹೊಸ ಕಲಂನಲ್ಲಿ ವಸ್ತು ವಾಪಸ್ ಬರುವುದೇ ರಿಯಾಯಿತಿಯ ಷರತ್ತು. ಕಳೆದುಕೊಂಡವರ ಜಾಗವನ್ನು ಶಿಕ್ಷೆಯ ಒಳಗೇ ಇಟ್ಟಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಡಕುಗಳೂ ಇವೆ. ಐದು ಸಾವಿರದ ಒಳಗಿನ ಕಳ್ಳತನವನ್ನು ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಠಾಣೆಯ ಭಾಷೆಯಲ್ಲಿ ಅದು ಎನ್‌ಸಿ, ಅಂದರೆ ನಾನ್-ಕಾಗ್ನಿಜಬಲ್. ಐವತ್ತು ಸಾವಿರದ ಫೋನ್ ಇಟ್ಟವರಿಗೆ ಇದು ತಟ್ಟುವುದಿಲ್ಲ. ಕಬ್ಬು ಕಡಿಯಲು ಬಂದ ಹೆಣ್ಣುಮಗಳ ಮೂರು ಸಾವಿರದ ಫೋನ್ ಹೋದರೆ ತಟ್ಟುತ್ತದೆ. ಅವಳಿಗೆ ಆ ಮೂರು ಸಾವಿರ ಎಷ್ಟು ದಿನದ ಕೂಲಿ ಅನ್ನುವುದು ಕಾನೂನಿನ ಲೆಕ್ಕಕ್ಕೆ ಬಂದಿಲ್ಲ.

ಇನ್ನು ಜಾಗದ ಪ್ರಶ್ನೆ. ಸಂತೆಯಲ್ಲಿ ನೆಲದ ಮೇಲಿಟ್ಟ ಫೋನ್ ಎತ್ತಿದರೆ 303. ಕೈಯಿಂದ ಕಿತ್ತುಕೊಂಡು ಓಡಿದರೆ 304, ಅದಕ್ಕೆ ಬೆಲೆಯ ರಿಯಾಯಿತಿ ಇಲ್ಲ. ಮನೆಯೊಳಗಿಂದ ಕದ್ದರೆ 305, ಏಳು ವರ್ಷದವರೆಗೆ. ಬಸ್ಸಿನಿಂದ ವಸ್ತು ಕದ್ದರೂ ಅದೇ 305ಕ್ಕೆ ಬೀಳಬಹುದು. ಅಂದರೆ ಅದೇ ಫೋನ್, ಅದೇ ಹುಡುಗ. ಸಂತೆಯಲ್ಲಾದರೆ ಊರ ಕೆಲಸ, ಬಾಗಲಕೋಟೆ ಬಸ್ಸಿನಲ್ಲಾದರೆ ಏಳು ವರ್ಷದವರೆಗೆ ಜೈಲಿನ ಭಯ.

ಸಮುದಾಯ ಸೇವೆ ಎಷ್ಟು ಗಂಟೆ, ಎಷ್ಟು ದಿನ, ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ಸಂಹಿತೆಯಲ್ಲಿ ಇದು ಬರೆದಿಲ್ಲ. ಮ್ಯಾಜಿಸ್ಟ್ರೇಟರಿಗೆ ಬಿಟ್ಟಿದ್ದಾರೆ. ಒಂದು ಕೋರ್ಟಿನಲ್ಲಿ ಎರಡು ದಿನ ಆಸ್ಪತ್ರೆ ಆವರಣ ಗುಡಿಸುವ ಕೆಲಸ, ಇನ್ನೊಂದರಲ್ಲಿ ತಿಂಗಳಿಡೀ ಶಾಲೆಯ ಕೆಲಸ ಅಂತಾದರೆ ತಡೆಯುವ ನಿಯಮ ಯಾವುದೂ ಅದರಲ್ಲಿ ಇಲ್ಲ.

ಅಳತೆ ಯಾರ ಕೈಯಲ್ಲಿ

ಶಿಕ್ಷೆಯ ಸುಧಾರಣೆ ಅಂದಾಗ ನಿಜವಾಗಿ ಗಂಟು ಇರುವುದು ಇಲ್ಲಿ. ನಮ್ಮ ಕಾನೂನು ಬಹುತೇಕ ಕಡೆ ಮೇಲಿನ ಮಿತಿಯನ್ನು ಮಾತ್ರ ಹೇಳುತ್ತದೆ. 'ಮೂರು ವರ್ಷದವರೆಗೆ', 'ಏಳು ವರ್ಷದವರೆಗೆ'. ಅದರೊಳಗೆ ಆರು ತಿಂಗಳೋ ಮೂರು ವರ್ಷವೋ ಅನ್ನುವುದು ನ್ಯಾಯಾಧೀಶರ ವಿವೇಚನೆ. ತಕ್ಕಡಿ ಕೊಟ್ಟಿದ್ದೇವೆ, ತೂಕದ ಕಲ್ಲು ಕೊಟ್ಟಿಲ್ಲ. ಬೆಳಗಾವಿಯಲ್ಲಿ ಒಂದು ತೀರ್ಪು, ವಿಜಯಪುರದಲ್ಲಿ ಅಂಥದ್ದೇ ಪ್ರಕರಣಕ್ಕೆ ಇನ್ನೊಂದು ತೀರ್ಪು ಬಂದರೆ ಯಾರೂ ಕಾನೂನು ಮೀರಿದಂತೆ ಆಗುವುದಿಲ್ಲ. ಮೇಲ್ಮನವಿಗೂ ದಾರಿ ಬೇರೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ. ವಿಜಯಪುರ ಕಲಬುರಗಿ ಪೀಠಕ್ಕೆ ಹೋಗುತ್ತದೆ.

ಇದನ್ನು ಸರಿಪಡಿಸಿ ಅಂತ ಹೇಳಿದವರಲ್ಲಿ ನಮ್ಮವರೇ ಇದ್ದರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಆ ಸಮಿತಿಯ ಹಲವು ಶಿಫಾರಸುಗಳ ಬಗ್ಗೆ ಜಗಳ ಇತ್ತು, ಈಗಲೂ ಇದೆ. ಆದರೆ ಒಂದು ಶಿಫಾರಸು ನನಗೆ ತುಂಬಾ ಸರಿ ಅನ್ನಿಸುತ್ತದೆ: ಶಿಕ್ಷೆ ನಿಗದಿಗೆ ಮಾರ್ಗಸೂಚಿ ಮಾಡಲು ಕಾನೂನುಬದ್ಧ ಸಮಿತಿಯೊಂದು ಬೇಕು. ಇಂಥ ಮಾರ್ಗಸೂಚಿ ನಮ್ಮಲ್ಲಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2008ರಲ್ಲಿ, ಮತ್ತೆ 2012ರಲ್ಲಿ ಹೇಳಿತು. ಆಮೇಲೆ ಸಂಹಿತೆಯನ್ನೇ ಹೊಸದಾಗಿ ಬರೆದರು. ಮಾರ್ಗಸೂಚಿ ಬರಲಿಲ್ಲ. ಅಷ್ಟು ದೊಡ್ಡ ಅವಕಾಶ ಕೈತಪ್ಪಿತು.

ಇಂಗ್ಲೆಂಡಿನಲ್ಲಿ 2010ರಿಂದ ಇದಕ್ಕೆ ಒಂದು ಮಂಡಳಿ ಇದೆ. ಅಲ್ಲಿ ಕಳ್ಳತನದ ಪ್ರಕರಣ ಬಂದರೆ ನ್ಯಾಯಾಧೀಶರು ಮೊದಲು ನೋಡುವುದು ಎರಡನ್ನು: ತಪ್ಪಿತಸ್ಥನ ಹೊಣೆ ಎಷ್ಟು, ಕಳೆದುಕೊಂಡವರಿಗೆ ಆದ ಹಾನಿ ಎಷ್ಟು. ಇವೆರಡರಿಂದ ಒಂದು ಆರಂಭದ ಶಿಕ್ಷೆ ಸಿಗುತ್ತದೆ. ಅಲ್ಲಿಂದ ಮೇಲೆ ಕೆಳಗೆ ಹೋಗಬಹುದು, ಮಾರ್ಗಸೂಚಿ ಬಿಟ್ಟು ಹೋಗುವುದಾದರೆ ಕಾರಣ ಹೇಳಬೇಕು. ನ್ಯಾಯಾಧೀಶರ ಕೈ ಕಟ್ಟಿಲ್ಲ, ದಾರಿ ತೋರಿಸಿದ್ದಾರೆ ಅಷ್ಟೇ. ನಮ್ಮಲ್ಲೂ ಅಪರಾಧಿ ಅಂತ ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯಾಗಿ ವಾದ ಕೇಳುವ ನಿಯಮ ಇದೆ. ಆ ವಾದ ಹೆಚ್ಚಾಗಿ 'ಬಡವ, ಮನೆಯಲ್ಲಿ ವಯಸ್ಸಾದ ತಾಯಿ' ಎನ್ನುವ ಒಂದೆರಡು ಮಾತಿನಲ್ಲೇ ಮುಗಿಯುತ್ತದೆ. ಅದು ವಕೀಲರ ತಪ್ಪಲ್ಲ. ಯಾವ ಅಂಶಕ್ಕೆ ಎಷ್ಟು ತೂಕ ಅನ್ನುವುದು ಎಲ್ಲೂ ಬರೆದಿಲ್ಲವಲ್ಲ.

ತೀರ್ಪಿಗೆ ಮೊದಲೇ ಅನುಭವಿಸುವ ಜೈಲೂ ಇದೆ. ಬೆಳಗಾವಿಯ ಹಿಂಡಲಗಾ ಜೈಲಿರಲಿ, ವಿಜಯಪುರದ ದರ್ಗಾ ಜೈಲಿರಲಿ, ಒಳಗಿರುವವರೆಲ್ಲ ಅಪರಾಧಿಗಳಲ್ಲ. ಕೇಸು ನಡೆಯುತ್ತಿರುವ ವಿಚಾರಣಾಧೀನ ಕೈದಿಗಳೂ ಇರುತ್ತಾರೆ. ಜಾಮೀನು ಮಂಜೂರಾದರೂ ಉತಾರ ತಂದು ಜಾಮೀನು ನಿಲ್ಲುವವರು ಸಿಗದೆ ಒಳಗೇ ಉಳಿಯುವವರಿದ್ದಾರೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇವರಿಗಾಗಿ ಇದೆ. ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಜಾಮೀನಿನ ಮೇಲೆ ಬಿಡಬೇಕು. ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಸಾಕು. ಮೂರು ವರ್ಷದ ಕಲಂ ಆದರೆ ಒಂದು ವರ್ಷಕ್ಕೆ ಹೊರಗೆ. ಜೈಲು ಅಧೀಕ್ಷಕರೇ ಕೋರ್ಟಿಗೆ ಅರ್ಜಿ ಹಾಕಬೇಕು, ಕೈದಿ ವಕೀಲರನ್ನು ಹುಡುಕುತ್ತಾ ಕೂರಬೇಕಿಲ್ಲ. ಹಳೆಯ ಪ್ರಕರಣಗಳಿಗೂ ಇದು ಅನ್ವಯ ಅಂತ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ. ಒಬ್ಬನ ಮೇಲೆ ಒಂದಕ್ಕಿಂತ ಜಾಸ್ತಿ ಅಪರಾಧದ ಆರೋಪವೋ ಕೇಸೋ ಇದ್ದರೂ ಇಲ್ಲ. ಆ ಎರಡನೇ ಷರತ್ತು ತುಂಬಾ ಬಿಗಿ. ಒಂದೇ ಘಟನೆಗೆ ಎರಡು ಮೂರು ಕಲಂ ಹಾಕುವುದು ನಮ್ಮಲ್ಲಿ ಮಾಮೂಲು.

ಈಗ ಸೀರೆ ಅಂಗಡಿಯ ಪಟ್ಟಿ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣಕ್ಕೆ ಹೆಸರು ಬಂದಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗಲೇ ಅವರಿಗೆ ಎಂಬತ್ತು ದಾಟಿತ್ತು. ಆ ತೀರ್ಪಿನ ಮುಂದುವರಿಕೆಯಾಗಿ, ಬಹಳ ಎಳೆದಾಟದ ನಂತರ, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಎಲ್ಲವೂ ಒಟ್ಟಿಗೆ ಜಾರಿ ಆಗಲಿಲ್ಲ. ದೂರು ವಿಚಾರಿಸಿ ದಂಡ ಹಾಕಬೇಕಾದ ಡೇಟಾ ಸಂರಕ್ಷಣಾ ಮಂಡಳಿಯ ರಚನೆಗೆ ಸಂಬಂಧಿಸಿದ ಭಾಗ ಆಗಲೇ ಜಾರಿಯಾಯಿತು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ.

ಕಂಪನಿ ಅಂದ ತಕ್ಷಣ ಬೆಂಗಳೂರಿನ ಗಾಜಿನ ಕಟ್ಟಡ ಮಾತ್ರ ನೆನಪಿಗೆ ಬರಬಾರದು. ಗಿರಾಕಿಯ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಅದನ್ನು ಏನು ಮಾಡಬೇಕೆಂದು ತೀರ್ಮಾನಿಸುವವರೆಲ್ಲ ಇದರ ವ್ಯಾಪ್ತಿಗೆ ಬರುತ್ತಾರೆ. ಪತ್ತಿನ ಸಹಕಾರ ಸಂಘ ಬರುತ್ತದೆ. ಕಬ್ಬು ಕಳಿಸಿದ ರೈತರ ಹೆಸರು, ಬ್ಯಾಂಕ್ ಖಾತೆ, ಹೊಲದ ವಿವರ ಇಟ್ಟುಕೊಂಡ ಸಕ್ಕರೆ ಕಾರ್ಖಾನೆ ಬರುತ್ತದೆ. ಆಧಾರ್ ಸ್ಕ್ಯಾನ್ ಮಾಡಿ ಫೈಲ್ ಅಳಿಸದೆ ಬಿಟ್ಟ ಝೆರಾಕ್ಸ್ ಅಂಗಡಿಯೂ ಹೊರಗುಳಿಯುವುದಿಲ್ಲ. ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಹಾಕಿದರೂ ಅದು ಡಿಜಿಟಲ್ ಮಾಹಿತಿಯೇ.

ಈ ಕಾಯ್ದೆಯ ತಿರುಳು ಒಪ್ಪಿಗೆ. ನಿಮ್ಮ ಮಾಹಿತಿ ಯಾಕೆ ಬೇಕು, ಏನು ಮಾಡುತ್ತಾರೆ ಅಂತ ಮೊದಲು ತಿಳಿಸಬೇಕು. ಆ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕೇಳಬೇಕು. ನೀವು ಸ್ಪಷ್ಟವಾಗಿ 'ಹೂಂ' ಅನ್ನಬೇಕು, ಸುಮ್ಮನಿದ್ದರೆ ಒಪ್ಪಿಗೆ ಅಲ್ಲ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಇಟ್ಟುಕೊಂಡಿರುವುದನ್ನು ತೋರಿಸಿ, ತಿದ್ದಿ, ಅಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಹದಿನೆಂಟು ತುಂಬದ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಅದು ನಿಜವಾಗಿ ತಂದೆತಾಯಿಯೇ ಕೊಟ್ಟದ್ದು ಅಂತ ಖಾತ್ರಿ ಮಾಡಿಕೊಳ್ಳಬೇಕು. ಮಾಹಿತಿ ಸೋರಿದರೆ ಮಂಡಳಿಗೂ, ಸೋರಿದ ಪ್ರತಿಯೊಬ್ಬರಿಗೂ ತಿಳಿಸಬೇಕು.

ಕನ್ನಡದ ಓದುಗರಿಗೆ ಇದರಲ್ಲಿ ಒಂದು ದೊಡ್ಡ ವಿಷಯ ಅಡಗಿದೆ. ಒಪ್ಪಿಗೆ ಕೇಳುವಾಗ ಕೊಡುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡ ಇದೆ, ಮರಾಠಿ ಇದೆ, ಉರ್ದು ಇದೆ. ಬೆಳಗಾವಿಗೆ, ವಿಜಯಪುರಕ್ಕೆ ಇದು ಎಷ್ಟು ಮುಖ್ಯ ಅಂತ ಹೇಳಬೇಕಿಲ್ಲ. ಅರ್ಥವಾಗದ ಇಂಗ್ಲಿಷಿನ ನಲವತ್ತು ಪುಟದ ಕೆಳಗೆ ಒತ್ತಿದ ಗುಂಡಿಯನ್ನು ಒಪ್ಪಿಗೆ ಅಂತ ಕರೆಯುವುದೇ ಅನ್ಯಾಯ. ಈ ಹೊಣೆಗಳು ಜಾರಿಯಾದ ಮೇಲೆ ಅದು ಕಾನೂನಿನ ಪ್ರಕಾರವೂ ಸಾಲದು. ನಮ್ಮ ಭಾಷೆಯ ಹೋರಾಟ ಬೋರ್ಡುಗಳ ಮೇಲೆ ಮಾತ್ರ ನಿಲ್ಲದೆ ಇಲ್ಲಿಗೂ ಬರಬೇಕು.

ಈಗ ಶಿಕ್ಷೆ. ಮಾಹಿತಿಗೆ ಸರಿಯಾದ ಕಾವಲು ಹಾಕದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿಕೆಯನ್ನು ಮುಚ್ಚಿಟ್ಟರೆ 200 ಕೋಟಿವರೆಗೆ. ಮಕ್ಕಳ ವಿಷಯದಲ್ಲಿ ತಪ್ಪಿದರೂ 200 ಕೋಟಿವರೆಗೆ. ಜೈಲು ಎಲ್ಲೂ ಇಲ್ಲ. ಸುಳ್ಳು ದೂರು ಕೊಟ್ಟ ಗಿರಾಕಿಗೂ ಹತ್ತು ಸಾವಿರದವರೆಗೆ ದಂಡ ಇದೆ, ಅದನ್ನೂ ತಿಳಿದಿರಿ.

ದಂಡ ಎಷ್ಟು ಅಂತ ಮಂಡಳಿ ಹೇಗೆ ತೀರ್ಮಾನಿಸುತ್ತದೆ? 33ನೇ ಕಲಂ ಬಿಡಿಸಿ ಹೇಳುತ್ತದೆ. ತಪ್ಪು ಎಷ್ಟು ಗಂಭೀರ, ಎಷ್ಟು ಕಾಲ ನಡೆಯಿತು, ಯಾವ ಥರದ ಮಾಹಿತಿ, ಮತ್ತೆ ಮತ್ತೆ ಆಗಿದೆಯಾ, ಅದರಿಂದ ಲಾಭ ಮಾಡಿಕೊಂಡರಾ, ಹಾನಿ ತಗ್ಗಿಸಲು ಏನು ಮಾಡಿದರು, ಈ ದಂಡ ಅವರ ಮೇಲೆ ಏನು ಪರಿಣಾಮ ಬೀರುತ್ತದೆ, ಎಲ್ಲ ನೋಡಬೇಕು. ಇದು ಶಿಕ್ಷೆಯ ಮಾರ್ಗಸೂಚಿಯೇ. ಮಳಿಮಠ ಸಮಿತಿ ಕೇಳಿದ್ದು ಸುಮಾರು ಇಂಥದ್ದನ್ನೇ. ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಗೆ ದಂಡ ಹಾಕುವ ಮುನ್ನ ಏನೇನು ತೂಗಬೇಕು ಅಂತ ಸಂಸತ್ತು ಕೂತು ಬರೆದುಕೊಟ್ಟಿದೆ. ಸಂತೆಯ ಹುಡುಗನನ್ನು ಜೈಲಿಗೆ ಕಳಿಸುವ ಮುನ್ನ ಏನು ತೂಗಬೇಕು ಅಂತ ಬರೆದಿಲ್ಲ. ಒಂದೇ ವರ್ಷ ಪಾಸಾದ ಎರಡು ಕಾನೂನುಗಳ ನಡುವಿನ ಈ ವ್ಯತ್ಯಾಸ ನನ್ನನ್ನು ಕಾಡುತ್ತದೆ.

ದಂಡದ ದುಡ್ಡು ಎಲ್ಲಿಗೆ ಹೋಗುತ್ತದೆ

ಕ್ರಿಮಿನಲ್ ಕೋರ್ಟು ದಂಡ ಹಾಕಿದಾಗ ಅದರಲ್ಲಿ ಪೂರ್ತಿಯನ್ನೋ ಭಾಗವನ್ನೋ ನೊಂದವರಿಗೆ ಪರಿಹಾರವಾಗಿ ಕೊಡಿಸಬಹುದು. ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಂನಲ್ಲಿ ಆ ಅಧಿಕಾರ ಇದೆ, ಹಳೆಯ ಕಾಯ್ದೆಯಲ್ಲೂ ಇತ್ತು. ಡೇಟಾ ಕಾಯ್ದೆಯಲ್ಲಿ ಹಾಗಿಲ್ಲ. ಮಂಡಳಿ ಹಾಕಿದ ದಂಡ ನೇರವಾಗಿ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಖಜಾನೆಗೆ ಹೋಗುತ್ತದೆ. ನಂಬರ್ ಸೋರಿ, ಅದರಿಂದ ಮೋಸದ ಕರೆ ಬಂದು, ಉಳಿತಾಯವೆಲ್ಲ ಹೋದವರಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿಲ್ಲ.

ಇನ್ನೂ ಬೇಸರದ ಸಂಗತಿ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43ಎ ಅನ್ನುವ ಕಲಂ ಇದೆ. ಸಂಸ್ಥೆ ನಿರ್ಲಕ್ಷ್ಯದಿಂದ ಸೂಕ್ಷ್ಮ ಮಾಹಿತಿ ಸೋರಲು ಬಿಟ್ಟರೆ ನಷ್ಟಪಟ್ಟವರಿಗೆ ಅದೇ ಸಂಸ್ಥೆ ಪರಿಹಾರ ಕೊಡಬೇಕು ಅನ್ನುತ್ತದೆ ಅದು. ಹೊಸ ಡೇಟಾ ಕಾಯ್ದೆ ಪೂರ್ತಿ ಜಾರಿಯಾದಾಗ ಈ ಕಲಂ ರದ್ದಾಗುತ್ತದೆ. ಇದ್ದ ಒಂದು ಬಾಗಿಲನ್ನೂ ಮುಚ್ಚಿದ ಹಾಗಾಯಿತು.

ಜೈಲಿನ ಭಯವೂ ಒಂದು ಕಡೆ ಹೋಗಿದೆ. ಒಪ್ಪಂದದ ಮೇಲೆ ಸೇವೆ ಕೊಡುವವರು, ನಿಮ್ಮ ಮಾಹಿತಿಯನ್ನು ಲಾಭಕ್ಕಾಗಿ ಇನ್ನೊಬ್ಬರಿಗೆ ಕೊಟ್ಟರೆ ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 25 ಲಕ್ಷದವರೆಗಿನ ದಂಡ ಮಾಡಿತು. ಸಣ್ಣಪುಟ್ಟ ತಪ್ಪುಗಳಿಗೆ ವ್ಯಾಪಾರಿಗಳನ್ನು ಜೈಲಿಗೆ ಹಾಕಬಾರದು ಅನ್ನುವುದು ಆ ಕಾಯ್ದೆಯ ಉದ್ದೇಶ. 42 ಕಾಯ್ದೆಗಳ 183 ಕಲಂಗಳನ್ನು ಒಟ್ಟಿಗೆ ತಿದ್ದಿದರು. ಲೈಸೆನ್ಸ್ ನವೀಕರಣ ತಡವಾಯಿತು ಅನ್ನುವಂಥದ್ದಕ್ಕೆ ಜೈಲು ಬೇಡ, ಒಪ್ಪುತ್ತೇನೆ. ಜನರ ಮಾಹಿತಿಯನ್ನು ತಿಳಿದೂ ತಿಳಿದೂ ಮಾರುವುದು ಆ ಸಾಲಿಗೆ ಸೇರುವುದಿಲ್ಲ.

ಹಾಗಾದರೆ ಪೆನ್‌ಡ್ರೈವ್‌ನಲ್ಲಿ ಪಟ್ಟಿ ಒಯ್ದ ಕೆಲಸದವನು ಪಾರಾದನಾ? ಇಲ್ಲ. ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲು ಮಾಡಿದರೆ, ಅದೂ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಹಾಕಬಹುದು. ಮೂರು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಸೂಕ್ಷ್ಮ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಚರ ಆಸ್ತಿ ಅಂದರೆ ಕೈಗೆ ಸಿಗುವ ಭೌತಿಕ ವಸ್ತು ಮಾತ್ರ. ಹೊಸ ಸಂಹಿತೆಯಲ್ಲಿ 'ಭೌತಿಕ' ಅನ್ನುವ ಷರತ್ತು ಇಲ್ಲ, ಭೂಮಿ ಮತ್ತು ಭೂಮಿಗೆ ಅಂಟಿಕೊಂಡದ್ದನ್ನು ಬಿಟ್ಟು ಎಲ್ಲ ಬಗೆಯ ಆಸ್ತಿಯೂ ಸೇರುತ್ತದೆ. ಹಾಗಾಗಿ ಪಟ್ಟಿಯನ್ನು ಕದ್ದದ್ದೂ ಕಳ್ಳತನವೇ ಅಂತ ವಾದಿಸಲು ಈಗ ಜಾಗ ಇದೆ. ಕೆಲಸದವನಿಗೆ ಜೈಲು, ಕಾವಲು ಹಾಕದ ಮಾಲೀಕರಿಗೆ ದಂಡ, ಪಟ್ಟಿಯಲ್ಲಿ ಹೆಸರಿದ್ದ ಸಾವಿರಾರು ಹೆಣ್ಣುಮಕ್ಕಳಿಗೆ ಬರಿಗೈ. ಲೆಕ್ಕ ಹೀಗೆ ನಿಲ್ಲುತ್ತದೆ.

ನಂಬರ್ ಹೋದರೆ ಏನು ಮಹಾ, ಅಂತ ಕೆಲವರು ಕೇಳುತ್ತಾರೆ. ಮೋಸದ ಕರೆಗಳು ಗಾಳಿಯಲ್ಲಿ ಹುಟ್ಟುವುದಿಲ್ಲ. ಕರೆ ಮಾಡಿದವನಿಗೆ ನಿಮ್ಮ ಹೆಸರು, ಊರು, ಬ್ಯಾಂಕು, ಕಳೆದ ತಿಂಗಳು ಏನು ಕೊಂಡಿರಿ ಅನ್ನುವುದು ಗೊತ್ತಿದ್ದರೆ ನೀವು ನಂಬುತ್ತೀರಿ. ಆ ಮಾಹಿತಿ ಎಲ್ಲಿಂದಲೋ ಸೋರಿರುತ್ತದೆ. 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸುವವರ ಕಾಟಕ್ಕೆ 2025ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ವೃದ್ಧ ದಂಪತಿಯ ಜೀವವೇ ಹೋಯಿತು. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ನಮ್ಮ ಯಾವ ಕಾನೂನಿನಲ್ಲೂ ಯಾರಿಗೂ ಇಲ್ಲ. ಮನೆಯ ಹಿರಿಯರಿಗೆ ಇದನ್ನೊಂದು ದಯವಿಟ್ಟು ಹೇಳಿಡಿ.

ಸಾಲದ ಆ್ಯಪ್‌ಗಳ ಕಥೆಯೂ ಇದೇ. ಸಾಲ ಕೊಡುವಾಗ ಫೋನಿನ ಕಾಂಟ್ಯಾಕ್ಟ್ ಪಟ್ಟಿ ತಗೊಂಡು, ಕಂತು ತಪ್ಪಿದ ದಿನ ಬೀಗರಿಗೆ, ಮಕ್ಕಳ ಶಾಲೆಯವರಿಗೆ ಫೋನ್ ಮಾಡಿ ಮಾನ ತೆಗೆಯುವುದು ಅವರ ದಂಧೆಯಾಗಿತ್ತು. ಕಾಂಟ್ಯಾಕ್ಟ್, ಕರೆಗಳ ಪಟ್ಟಿ, ಫೋಟೊಗಳ ತಂಟೆಗೆ ಹೋಗಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕ್ಯಾಮೆರಾ, ಲೊಕೇಶನ್‌ಗಳನ್ನು ಗುರುತಿನ ಪರಿಶೀಲನೆಗೆ ಒಂದು ಸಲ, ಅದೂ ಒಪ್ಪಿಗೆ ಪಡೆದು ಬಳಸಬಹುದು. ಕಾಂಟ್ಯಾಕ್ಟ್ ಕೇಳುವ ಸಾಲದ ಆ್ಯಪ್ ಕಂಡರೆ ಅಲ್ಲೇ ಅಳಿಸಿಹಾಕಿ.

ಇರುವ ದಾರಿಗಳು

ಅಂಗಡಿಯ ಕೌಂಟರಿನಲ್ಲಿ 'ನಂಬರ್ ಹೇಳ್ರಿ ಅಕ್ಕಾರ' ಅಂದರೆ 'ಬಿಲ್ಲಿಗೆ ನಂಬರ್ ಯಾಕ್ರಿ?' ಅಂತ ಕೇಳಿ. ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನು ಒತ್ತಾಯಿಸಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ನಂಬರ್ ಇಲ್ಲದೆಯೂ ಬಿಲ್ ಆಗುತ್ತದೆ.

ಮೋಸದ ಕರೆಗೆ ದುಡ್ಡು ಹೋಗಿದ್ದರೆ ಕ್ಷಣವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಲು ಅದೊಂದೇ ಬೇಗದ ದಾರಿ. ಆಮೇಲೆ ಜಿಲ್ಲೆಯ ಸಿಇಎನ್ ಠಾಣೆ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆ. ನಮ್ಮ ವ್ಯಾಪ್ತಿ ಅಲ್ಲ ಅಂತ ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ, ಎಲ್ಲಿ ಬೇಕಾದರೂ ದೂರು ದಾಖಲಿಸುವ ಹಕ್ಕನ್ನು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಕೊಟ್ಟಿದೆ. ಅದೇ ಸಂಹಿತೆಯ 107ನೇ ಕಲಂ ಹೊಸದು. ಅಪರಾಧದಿಂದ ಬಂದ ಆಸ್ತಿಯನ್ನು ಕೋರ್ಟ್ ಜಪ್ತಿ ಮಾಡಿಸಿ, ಜಿಲ್ಲಾಧಿಕಾರಿಯ ಮೂಲಕ ನೊಂದವರಿಗೆ ಹಂಚಿಸಬಹುದು. ಡೇಟಾ ಕಾಯ್ದೆಯಲ್ಲಿ ನಾನು ಹುಡುಕಿ ಸಿಗದ ಕಾಳಜಿ ಇಲ್ಲಿದೆ. ನಿಮ್ಮ ವಕೀಲರಿಗೆ ಈ ಕಲಂನ ನೆನಪು ಮಾಡಿ.

ಪರಿಹಾರವೇ ಬೇಕಾದರೆ ನನ್ನ ಸಲಹೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಅನುಚಿತ ವ್ಯಾಪಾರ ಪದ್ಧತಿ'ಗಳ ಪಟ್ಟಿ ಇದೆ. ಗಿರಾಕಿ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಕೊಡುವುದು ಆ ಪಟ್ಟಿಯಲ್ಲಿದೆ. ಇದನ್ನು ಬಳಸಿದವರ ಸುದ್ದಿ ಕೇಳುವುದು ಅಪರೂಪ, ಆದರೆ ಗಿರಾಕಿಯ ಕೈಗೇ ದುಡ್ಡು ಬರುವ ಕಲಂ ಇದು. ಕಂಪನಿ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇರಲಿ, ನೀವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಳಗಾವಿಯವರು ಬೆಳಗಾವಿಯಲ್ಲಿ, ಇಂಡಿಯವರು ವಿಜಯಪುರದಲ್ಲಿ, ಮುಧೋಳದವರು ಬಾಗಲಕೋಟೆಯಲ್ಲಿ. ಕೊಂಡ ಸರಕಿನ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಘಟನೆ ಆಗಿ ಎರಡು ವರ್ಷದ ಒಳಗೆ ಕೊಡಬೇಕು. ಬಿಲ್ಲು, ಬಂದ ಕರೆಗಳ ಸ್ಕ್ರೀನ್‌ಶಾಟ್, ಅಂಗಡಿಗೆ ಬರೆದ ಪತ್ರ, ಇವನ್ನು ಜೋಪಾನ ಮಾಡಿ. ಡೇಟಾ ಕಾಯ್ದೆ ಬಂದ ಮಾತ್ರಕ್ಕೆ ಈ ದಾರಿ ಮುಚ್ಚುವುದಿಲ್ಲ ಅನ್ನುವುದು ನನ್ನ ಓದು. ಬೇರೆ ಕಾನೂನುಗಳ ಜೊತೆಗೆ ಇದು, ಅವುಗಳ ಬದಲಿಗೆ ಅಲ್ಲ ಅಂತ ಡೇಟಾ ಕಾಯ್ದೆಯ 38ನೇ ಕಲಂ ಹೇಳುತ್ತದೆ.

ಡೇಟಾ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ಮಂಡಳಿಗೆ ದೂರು ಕೊಡುವವರು ಮೊದಲು ಸಂಸ್ಥೆಗೇ ದೂರು ಕೊಟ್ಟಿರಬೇಕು. ಅವರಿಗೆ ಉತ್ತರಿಸಲು ನಿಯಮದಲ್ಲಿ ಗರಿಷ್ಠ 90 ದಿನ ಇದೆ. ಮಂಡಳಿಯ ಕೆಲಸ ಆನ್‌ಲೈನ್‌ನಲ್ಲೇ ನಡೆಯುವುದರಿಂದ ದೆಹಲಿಗೆ ಹೋಗುವ ಪ್ರಶ್ನೆ ಇಲ್ಲ.

43ಎ ಕಲಂ ರದ್ದಾಗುವ ತನಕ ಜೀವಂತ ಇದೆ. ಬ್ಯಾಂಕ್ ವಿವರ, ಪಾಸ್‌ವರ್ಡ್, ಆಸ್ಪತ್ರೆಯ ದಾಖಲೆ, ಬೆರಳಚ್ಚು, ಇಂಥ ಸೂಕ್ಷ್ಮ ಮಾಹಿತಿ ಸೋರಿ ನಷ್ಟವಾಗಿದ್ದರೆ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯ ಮುಂದೆ ಅರ್ಜಿ ಹಾಕಬಹುದು. ಐದು ಕೋಟಿವರೆಗಿನ ಪರಿಹಾರದ ಅರ್ಜಿಗಳನ್ನು ಕೇಳುವ ಅಧಿಕಾರ ಅವರಿಗಿದೆ. ಬರೀ ಮೊಬೈಲ್ ನಂಬರ್ ಹೋದರೆ ಆ ಕಲಂ ಸಾಲದು, ಅದಕ್ಕೆ ಗ್ರಾಹಕರ ಆಯೋಗವೇ ಸರಿ. ಸಹಕಾರ ಸಂಘದಲ್ಲೋ ಆಸ್ಪತ್ರೆಯಲ್ಲೋ ಅಂಥ ಸೋರಿಕೆ ಆಗಿದೆ ಅಂತ ಗೊತ್ತಿರುವವರು 2027ರ ಮೇ ತನಕ ಕಾಯಬೇಡಿ, ಈಗಲೇ ಅರ್ಜಿ ಬರೆಯಿರಿ.